ಪ್ರತಿಕ್ರಿಯೆ: ಫ್ಲೂಟ್ ಜೊತೆ ಹಾಡುವ ಆ ‘ಟ್ವಿಂಕಲ್ ಟ್ವಿಂಕಲ್’ ಮೊಜಾರ್ಟನದಾ?
ಸೊಪ್ರಾನೊ (ಎತ್ತರದ ದನಿಯ ಗಾಯಕಿ) ಒಬ್ಬರು ಫ್ಲೂಟ್ ಜೊತೆ ‘ಟ್ವಿಂಕಲ್ ಟ್ವಿಂಕಲ್’ ಮಟ್ಟನ್ನೇ ಬಗೆಬಗೆಯಾಗಿ ಹಾಡುವ ರೆಕಾರ್ಡಿಂಗ್ ಮೇಲೆ ಮೊಜಾರ್ಟ್ ಹೆಸರಿದೆ, ಅದು ಅವನದೇನಾ ಅಂತ ಕೇಳಿದ್ದೀರಿ. ಅಲ್ಲ. ಮಟ್ಟು 18ನೇ ಶತಮಾನದ ಒಂದು ಫ್ರೆಂಚ್ ಹಾಡಿನದು. ಮೊಜಾರ್ಟ್ ಅದರ ಮೇಲೆ ಪಿಯಾನೊಗೆ 12 ವೇರಿಯೇಷನ್ (ಒಂದೇ ಮಟ್ಟನ್ನು ಬದಲಿಸಿ ಬದಲಿಸಿ ಕಟ್ಟಿದ ರೂಪ) ಬರೆದ, ಅಷ್ಟೆ. ನೀವು ಕೇಳಿದ್ದು ಫ್ರೆಂಚ್ ಸಂಗೀತ ರಚನೆಕಾರ ಅಡಾಲ್ಫ್ ಆಡಾಮ್‌ನ ‘ಲ ತೊರೆಯಾದೊರ್’ (ಪ್ಯಾರಿಸ್, 1849) ಎಂಬ ಹಾಸ್ಯ ಒಪೆರಾದ ತುಣುಕು ಇರಬೇಕು. ಅಲ್ಲಿ ಅದು ಮೂವರ ಹಾಡು. ಕಛೇರಿಯಲ್ಲಿ ಸಾಮಾನ್ಯವಾಗಿ ಟೆನರ್ (ಎತ್ತರದ ಗಂಡು ದನಿ), ಬಾಸ್ (ತಗ್ಗಿನ ಗಂಡು ದನಿ) ಇಬ್ಬರಿಗೂ ಕೊಕ್, ಸೊಪ್ರಾನೊ ಒಬ್ಬರದೇ ದರ್ಬಾರು!

ಇಷ್ಟು ಸುಲಭದ ಮಟ್ಟು ಯಾಕೆ ಅಂದಿರಿ. ಅದೇ ಗುಟ್ಟು. ಮಟ್ಟು ಬಾಯಿಗೆ ಬಂದಿದ್ದರೆ, ಅದರ ಮೇಲೆ ಏನೇನು ಕಸರತ್ತು ನಡೀತಿದೆ ಅಂತ ಎಲ್ಲರಿಗೂ ತಿಳಿಯುತ್ತೆ. ಮೊದಲು ಸರಳವಾಗಿ ಹಾಡುತ್ತಾರೆ. ಆಮೇಲೆ ಓಡುವ ಸ್ವರಗಳು, ಬಿಡಿಬಿಡಿಯಾಗಿ ಕುಕ್ಕಿದಂಥ ಸ್ಟಕಾಟೊ, ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಬೇಗಬೇಗ ಓಲಾಡುವ ಟ್ರಿಲ್. ಫ್ಲೂಟ್ ಒಂದು ಸಾಲು ನುಡಿಸಿದರೆ ಗಾಯಕಿ ಅದನ್ನೇ ಮರಳಿಸಬೇಕು. ನನಗೆ ಕೊನೆಯ ಎತ್ತರದ ಸ್ವರಕ್ಕಿಂತ ಈ ಜಾಗ ಇಷ್ಟ. ಶ್ರುತಿ ಕೂದಲೆಳೆಯಷ್ಟು ಇಳಿದರೂ ಪಕ್ಕದ ಫ್ಲೂಟ್ ಚಾಡಿ ಹೇಳಿಬಿಡುತ್ತೆ.

ಇದು ಹಿಡಿಸಿದರೆ ಆಸ್ಟ್ರಿಯಾದ ರಚನೆಕಾರ ಹೈನ್ರಿಶ್ ಪ್ರೋಖ್‌ ಸೊಪ್ರಾನೊಗೆ ಬರೆದ ವೇರಿಯೇಷನ್‌ಗಳನ್ನೂ ಕೇಳಿ. ರೊಸ್ಸಿನಿಯ ‘ಬಾರ್ಬರ್ ಆಫ್ ಸೆವಿಲ್’ ಒಪೆರಾದಲ್ಲಿ ನಾಯಕಿ ರೊಸಿನಾಗೆ ಸಂಗೀತ ಪಾಠ ಆಗುವ ದೃಶ್ಯ ಇದೆಯಲ್ವಾ, ಅಲ್ಲಿ ರೊಸ್ಸಿನಿ ಬರೆದ ಹಾಡು ಬಿಟ್ಟು ಇಂಥದ್ದನ್ನು ತುರುಕುವುದು ಹಿಂದೆ ಮಾಮೂಲಿ. ಪ್ರೋಖ್‌ನ ಈ ವೇರಿಯೇಷನ್‌ಗಳನ್ನು ಇಟಲಿಯ ಸೊಪ್ರಾನೊ ಟೆಟ್ರಾಝಿನಿ ಹಾಡಿರುವ ಹಳೇ ರೆಕಾರ್ಡ್ ಇದೆ. ಗೊರಗೊರ ಸದ್ದು ಜಾಸ್ತಿ, ಆದರೂ ಕೇಳಿ.