ಕಾಕಾನ ಹಳೇ ಹೀಲಿಯೋಸ್ 44-2 ಲೆನ್ಸ್ ನನ್ನ ಸೋನಿ ಮಿರರ್‌ಲೆಸ್‌ಗೆ ಕೂರುತ್ತಾ? ವಿಜಯಪುರದಲ್ಲಿ ಫೋಟೋ ತೆಗೆಯಬೇಕು

ಕೂರುತ್ತದೆ. ಇದು ಎಂ42 ತಿರುಪಿನ ಲೆನ್ಸ್, ಸೆನ್ಸರ್‌ನಿಂದ 45.46 ಮಿ.ಮೀ. ದೂರದಲ್ಲಿ ಇರಬೇಕು. ಸೋನಿ ಇ-ಮೌಂಟ್‌ನಲ್ಲಿ (ನಿಮ್ಮ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗ) ಆ ಅಂತರ ಬರೀ 18 ಮಿ.ಮೀ. ಉಳಿದ ಜಾಗವನ್ನು ಗಾಜಿಲ್ಲದ ಸಾದಾ ಅಡಾಪ್ಟರ್ ತುಂಬುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಆಗಿದ್ದರೆ ತೊಂದರೆ. ಅಲ್ಲಿ ಅಂತರವೇ 46.5, ದೂರದ್ದು ಫೋಕಸ್ ಆಗುವುದಿಲ್ಲ.

ಈ ಹಳೇ ಲೆನ್ಸ್ ಕೂತಿದ್ದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಲೆನ್ಸ್ ಇಲ್ಲದೆಯೂ ಶಟರ್ ಬೀಳುವ ಆಯ್ಕೆ ಮೆನುವಿನಲ್ಲಿದೆ, ಅದನ್ನು ಮೊದಲು ಆನ್ ಮಾಡಿ. ಈ ಲೆನ್ಸಿಗೆ ಅಪರ್ಚರ್ (ಬೆಳಕು ಬರುವ ಕಿಂಡಿ) ರಿಂಗ್ ಎರಡು: ಒಂದರಲ್ಲಿ ನಂಬರ್ ಇಡಬೇಕು, ಇನ್ನೊಂದರಿಂದ ಅಲ್ಲಿವರೆಗೆ ಮುಚ್ಚಬೇಕು. ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಮುಚ್ಚಿ. ಫೋಕಸ್ ಆದ ಕಡೆ ಪರದೆಯಲ್ಲಿ ತೋರುವ ಬಣ್ಣದ ಗೆರೆಯನ್ನು (ಫೋಕಸ್ ಪೀಕಿಂಗ್) ಎಫ್/2ರಲ್ಲಿ, ಅಂದರೆ ಪೂರ್ತಿ ತೆರೆದಾಗ, ಜಾಸ್ತಿ ನಂಬಬೇಡಿ. ಚಿತ್ರ ಹಿಗ್ಗಿಸಿ ನೋಡಿಯೇ ರಿಂಗ್ ತಿರುಗಿಸಿ.

ಗೋಲಗುಮ್ಮಟ ಇಡಿಯಾಗಿ ಬೇಕೆಂದರೆ ಈ ಲೆನ್ಸಿನ 58 ಮಿ.ಮೀ. ಫೋಕಲ್ ಲೆಂತ್ ಇಕ್ಕಟ್ಟು, ಬಹಳ ಹಿಂದೆ ಸರಿಯಬೇಕು. ಎಪಿಎಸ್-ಸಿ (ಚಿಕ್ಕ ಸೆನ್ಸರ್) ಬಾಡಿಯಲ್ಲಿ ಅದು 87ರಂತೆ ಕಾಣುತ್ತದೆ, ಇನ್ನೂ ಕಷ್ಟ. ಸುಮ್ನೆ ಇಬ್ರಾಹಿಂ ರೋಜಾಕ್ಕೆ ಹೋಗಿ. ಅಲ್ಲಿನ ಕಲ್ಲಿನ ಕೆತ್ತನೆಗೆ ಎಫ್/5.6 ಚೆನ್ನಾಗಿ ಒಪ್ಪುತ್ತದೆ. ಎದುರು ಬಿಸಿಲಿದ್ದರೆ ಚಿತ್ರ ಮಬ್ಬಾಗುತ್ತದೆ (ಕೆಲವರಿಗೆ ಅದೇ ಇಷ್ಟ, ನನಗಲ್ಲ), ಹುಡ್ ಹಾಕಿಕೊಳ್ಳಿ. ಹೊರಡುವ ಮುಂಚೆ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯಾ ನೋಡಿ.