ಓದುಗರ ಪ್ರಶ್ನೆ: ಉಪನ್ಯಾಸಕರ ಕೆಲಸ ಏನೇನು?

ಪ್ರಶ್ನೆ: ಎಂ.ಎಸ್‌ಸಿ. ಮುಗಿಸಿದ್ದೇನೆ. ಹೊರದೇಶದಲ್ಲಿ ಬೋಧಕಿಯಾಗುವ ಆಸೆಯಿದೆ. ಲೆಕ್ಚರರ್, ಪ್ರೊಫೆಸರ್ ಎರಡೂ ಒಂದೇ ಹುದ್ದೆಯೇ? ಶಾಲೆಯ ಪಾಠಕ್ಕಿಂತ ಇದು ಹೇಗೆ ಬೇರೆ?

ಉತ್ತರ: ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಲೆಕ್ಚರರ್ ಸಾಮಾನ್ಯವಾಗಿ ಬೋಧನೆ, ಸಂಶೋಧನೆ ಎರಡನ್ನೂ ನಡೆಸುವವರು. ಅಲ್ಲಿಂದ ಸೀನಿಯರ್ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂದು ಬಡ್ತಿ ಸಾಗುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಲೆಕ್ಚರರ್‌ಗಳು ಪಾಠಕ್ಕೆಂದೇ ನೇಮಕವಾದವರು, ಅವರಿಗೆ ಟೆನ್ಯೂರ್‌ನ (ಅಂದರೆ ಸುಲಭವಾಗಿ ತೆಗೆದುಹಾಕಲಾಗದ ಕಾಯಂ ನೇಮಕದ) ದಾರಿ ಇರುವುದಿಲ್ಲ. ಹಾಗಾಗಿ ಹುದ್ದೆಯ ಹೆಸರನ್ನಷ್ಟೇ ನೋಡಿ ಅರ್ಜಿ ಹಾಕಬೇಡಿ. ವಾರಕ್ಕೆ ಎಷ್ಟು ಗಂಟೆ ಪಾಠ, ಸಂಶೋಧನೆಗೆ ಬಿಡುವು ಉಂಟೇ, ನೇಮಕ ಕಾಯಮ್ಮೋ ಗುತ್ತಿಗೆಯೋ ಎಂದು ಮೊದಲೇ ವಿಚಾರಿಸಿ. ಶಾಲೆಯಲ್ಲಿ ಪಠ್ಯಪುಸ್ತಕ ಕೈಗೆ ಸಿಗುತ್ತದೆ. ವಿಶ್ವವಿದ್ಯಾಲಯದಲ್ಲಿ ಬಹುಪಾಲು ಸಿಗುವುದು ಪಠ್ಯಕ್ರಮದ ನಾಲ್ಕು ಸಾಲು. ಯಾವ ಗ್ರಂಥ, ಯಾವ ಸಂಶೋಧನಾ ಲೇಖನ ಓದಿಸಬೇಕೆಂದು ನೀವೇ ತೀರ್ಮಾನಿಸಬೇಕು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಪ್ರಾಜೆಕ್ಟ್ ಮಾರ್ಗದರ್ಶನ ಇವೂ ನಿಮ್ಮ ಪಾಲಿಗೇ ಬರುತ್ತವೆ.

ಪ್ರಶ್ನೆ: ಹೊಸದಾಗಿ ಉಪನ್ಯಾಸಕನಾಗಿದ್ದೇನೆ. ಸಿದ್ಧಪಡಿಸಿದ್ದು ಅವಧಿಯೊಳಗೆ ಮುಗಿಯುವುದೇ ಇಲ್ಲ. "ಡೌಟ್ ಇದೆಯಾ?" ಎಂದರೆ ಯಾರೂ ಬಾಯಿ ಬಿಡುವುದಿಲ್ಲ.

ಉತ್ತರ: ನಿಮಗೆ ತಿಳಿದದ್ದನ್ನೆಲ್ಲ ಒಂದೇ ಅವಧಿಯಲ್ಲಿ ತುಂಬಲು ಹೊರಟಿದ್ದೀರಿ. 50 ನಿಮಿಷದ ತರಗತಿಗೆ ಎರಡು ಅಥವಾ ಮೂರು ಪರಿಕಲ್ಪನೆ ಸಾಕು. ಹೊಸ ವಿಷಯ 30-35 ನಿಮಿಷ ಮೀರದಿರಲಿ. ಉಳಿದದ್ದನ್ನು ಓದಿಗೆ ಕೊಡಿ.

"ಡೌಟ್ ಇದೆಯಾ?" ಎಂಬುದಕ್ಕೆ ಉತ್ತರ ಬರುವುದು ಕಷ್ಟ. ತನಗೆ ಎಲ್ಲಿ ತಿಳಿದಿಲ್ಲ ಎಂಬುದೇ ವಿದ್ಯಾರ್ಥಿಗೆ ಸ್ಪಷ್ಟವಿರುವುದಿಲ್ಲ. ಬದಲಿಗೆ ಪ್ರತಿ ಪರಿಕಲ್ಪನೆಯ ನಂತರ ಒಂದು ಆಯ್ಕೆ ಪ್ರಶ್ನೆ ಹಾಕಿ. ಉದಾಹರಣೆಗೆ: ಕುದಿಯುವ ನೀರಿನಿಂದ ಒಂದೇ ಸಮನೆ ಮೇಲೇಳುವ ದೊಡ್ಡ ಗುಳ್ಳೆಗಳಲ್ಲಿ ಏನಿದೆ? ಗಾಳಿಯೇ, ಜಲಜನಕ-ಆಮ್ಲಜನಕವೇ, ನೀರಾವಿಯೇ? (ನೀರಾವಿ.) ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವರೂ ಇಲ್ಲಿ ಎಡವುತ್ತಾರೆ. ಮೊದಲು ಎಲ್ಲರೂ ಮಾತಾಡದೆ ಕೈಯೆತ್ತಿ ಉತ್ತರ ಸೂಚಿಸಲಿ. ಸರಿಯುತ್ತರ 30ರಿಂದ 70 ಶೇಕಡಾ ಬಂದರೆ ಪಕ್ಕದವರೊಂದಿಗೆ ಎರಡು ನಿಮಿಷ ವಾದಿಸಲು ಬಿಟ್ಟು ಮತ್ತೆ ಕೈಯೆತ್ತಿಸಿ. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮವಿದು.

ಬಾಯಿಮಾತಿನ ಪ್ರಶ್ನೆಯಾದರೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡ್ ಸುಮ್ಮನಿರಿ. ಶಿಕ್ಷಕರು ಸರಾಸರಿ 1 ಸೆಕೆಂಡ್ ಮಾತ್ರ ಕಾಯುತ್ತಾರೆ, ಹೆಚ್ಚು ಕಾದರೆ ಉತ್ತರಗಳು ಉದ್ದವೂ ತರ್ಕಬದ್ಧವೂ ಆಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ.

ಇದರಿಂದ ಸಮಯ ಹಾಳಾಗುತ್ತದೆ ಎಂಬ ಅಳುಕು ಬೇಡ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತರಗತಿಯಲ್ಲಿ ಹೀಗೆ ಸಕ್ರಿಯವಾಗಿ ತೊಡಗಿದವರಿಗೆ ಹೋಲಿಸಿದರೆ ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ ಒಂದೂವರೆ ಪಟ್ಟು ಹೆಚ್ಚಿತ್ತು. ಸರಿಯುತ್ತರ 30 ಶೇಕಡಾಕ್ಕಿಂತ ಕೆಳಗಿಳಿದರೆ ಮಾತ್ರ ಚರ್ಚೆಗೆ ಬಿಡಬೇಡಿ. ತಪ್ಪು ತಿಳಿವಳಿಕೆಯೇ ಹರಡುತ್ತದೆ. ಹಿಂದಿನ ಪರಿಕಲ್ಪನೆಗೆ ಮರಳಿ, ಬೇರೆ ಉದಾಹರಣೆಯಿಂದ ಮತ್ತೆ ವಿವರಿಸಿ.