ಪೀಟರ್ ಮಲ್ಲನ್: ಯಾವ ಸಿನಿಮಾದಿಂದ ಶುರು ಮಾಡಬೇಕು?

‘ರಿಂಗ್ಸ್ ಆಫ್ ಪವರ್’ ಸರಣಿಯಲ್ಲಿ ಕುಳ್ಳರ ರಾಜ ಡ್ಯೂರಿನ್ ಆಗಿದ್ದ ಪೀಟರ್ ಮಲ್ಲನ್ ಇಷ್ಟವಾದರು, ಅವರ ಬೇರೆ ಯಾವ ಸಿನಿಮಾ ನೋಡಲಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ‘ಮೈ ನೇಮ್ ಈಸ್ ಜೋ’ ಹಾಕಿ. ‘ಹ್ಯಾರಿ ಪಾಟರ್’, ‘ವೆಸ್ಟ್‌ವರ್ಲ್ಡ್’, ‘ಓಝಾರ್ಕ್’ ಎಲ್ಲದರಲ್ಲೂ ಅವರಿದ್ದಾರೆ, ಚೆನ್ನಾಗಿಯೂ ಮಾಡಿದ್ದಾರೆ. ಆದರೆ ಮಲ್ಲನ್ ಏನು ಅನ್ನೋದು ಗೊತ್ತಾಗುವುದು ಕಡಿಮೆ ದುಡ್ಡಿನ ಸಿನಿಮಾಗಳಲ್ಲೇ.

ಹುಟ್ಟಿದ್ದು 1959ರಲ್ಲಿ, ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನಲ್ಲಿ, ಬೆಳೆದದ್ದು ಗ್ಲಾಸ್ಗೊದಲ್ಲಿ. ನಾಟಕದಿಂದ ಬಂದವರು. ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ ಅವರ ‘ರಿಫ್-ರಾಫ್’ನಲ್ಲಿ (1991) ಸಣ್ಣ ಪಾತ್ರ, ‘ಟ್ರೇನ್‌ಸ್ಪಾಟಿಂಗ್’ನಲ್ಲಿ ಹೆರಾಯಿನ್ ಮಾರುವವನ ಪಾತ್ರ. 1998ರಲ್ಲಿ ಅದೇ ಲೋಚ್ ‘ಮೈ ನೇಮ್ ಈಸ್ ಜೋ’ಗೆ ಅವರನ್ನೇ ನಾಯಕನನ್ನಾಗಿ ಮಾಡಿಕೊಂಡರು. ಜೋ ಕುಡಿತ ಬಿಟ್ಟವನು, ಕೆಲಸವಿಲ್ಲದವನು, ಸೋಲುವುದೇ ರೂಢಿಯಾದ ಫುಟ್‌ಬಾಲ್ ತಂಡವೊಂದಕ್ಕೆ ಕೋಚ್. ಲೋಚ್ ಕಥೆಯ ಕ್ರಮದಲ್ಲೇ ಚಿತ್ರೀಕರಿಸುತ್ತಾರೆ, ನಟರಿಗೆ ಪೂರ್ತಿ ಸ್ಕ್ರಿಪ್ಟ್ ಕೊಡುವುದಿಲ್ಲ. ಅದಕ್ಕೇ ಜೋಗೆ ಮುಂದೇನು ಕಾದಿದೆ ಅನ್ನೋದು ಮಲ್ಲನ್ ಮುಖದಲ್ಲಿ ಎಲ್ಲೂ ಮೊದಲೇ ಕಾಣಿಸುವುದಿಲ್ಲ. ಈ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಗ್ಲಾಸ್ಗೊ ಇಂಗ್ಲಿಷ್ ಸುಲಭಕ್ಕೆ ಕಿವಿಗೆ ಹತ್ತುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.

ನನಗೆ ಅವರ ಮೇಲಿನ ಗೌರವ ಹೆಚ್ಚಿದ್ದು ನಿರ್ದೇಶನ ನೋಡಿದ ಮೇಲೆ. ‘ದಿ ಮ್ಯಾಗ್ಡಲೀನ್ ಸಿಸ್ಟರ್ಸ್’ (2002) ಐರ್ಲೆಂಡಿನಲ್ಲಿ ‘ದಾರಿ ತಪ್ಪಿದವರು’ ಎಂದು ಹಣೆಪಟ್ಟಿ ಹಚ್ಚಿ ಕಾನ್ವೆಂಟ್ ಲಾಂಡ್ರಿಗಳಲ್ಲಿ ಕೂಡಿಹಾಕಿದ ಹುಡುಗಿಯರ ಕಥೆ. ವ್ಯಾಟಿಕನ್ ಸಿಟ್ಟಾಯಿತು, ವೆನಿಸ್ ಚಿತ್ರೋತ್ಸವ ತನ್ನ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಕೊಟ್ಟಿತು. ತಪ್ಪಿಸಿಕೊಂಡು ಮನೆಗೆ ಬಂದ ಮಗಳನ್ನು ಹೊಡೆದು ಬಡಿದು ವಾಪಸ್ ಅಲ್ಲಿಗೇ ತಳ್ಳುವ ಅಪ್ಪನ ಪಾತ್ರವನ್ನು ತಾವೇ ಮಾಡಿದ್ದಾರೆ. ಎಪ್ಪತ್ತರ ದಶಕದ ಗ್ಲಾಸ್ಗೊದ ‘ನೆಡ್ಸ್’ನಲ್ಲೂ (2010) ಮನೆಮಂದಿಯನ್ನು ಹೆದರಿಸಿಟ್ಟ ಕುಡುಕ ಅಪ್ಪ ಅವರೇ. ತಮ್ಮದೇ ಸಿನಿಮಾದಲ್ಲಿ ಇಂಥ ಪಾತ್ರಗಳನ್ನು ಎತ್ತಿಕೊಳ್ಳುವುದಕ್ಕೆ ಗುಂಡಿಗೆ ಬೇಕು.

ಆಮೇಲೆ ‘ಟೈರನೋಸಾರ್’ (2011), ಪ್ಯಾಡಿ ಕಾನ್ಸಿಡೈನ್ ನಿರ್ದೇಶನ. ಶುರುವಿನಲ್ಲೇ ಜೋಸೆಫ್ (ಮಲ್ಲನ್) ಸಿಟ್ಟಿನ ಭರದಲ್ಲಿ ತನ್ನ ನಾಯಿಗೇ ಒದ್ದು ಸಾಯಿಸುತ್ತಾನೆ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಹಳೇ ಬಟ್ಟೆ ಮಾರುವ ಅಂಗಡಿಯೊಂದಕ್ಕೆ ನುಗ್ಗಿ, ನೇತುಹಾಕಿದ ಬಟ್ಟೆಗಳ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ಅಂಗಡಿಯಾಕೆ ಒಲಿವಿಯಾ ಕೋಲ್ಮನ್. ಆಕೆ ಅವನನ್ನು ಬೈದು ಓಡಿಸದೆ ಪ್ರಾರ್ಥನೆ ಮಾಡುತ್ತಾಳೆ. ಇಷ್ಟು ಕ್ರೂರಿಯನ್ನು ಎರಡೇ ದೃಶ್ಯಗಳಲ್ಲಿ ಅಡಗಿ ಕೂತ ಮಗುವಿನಂತೆ ಕಾಣಿಸುವುದು, ಅದೂ ಅವನು ಮಾಡಿದ್ದನ್ನು ನಾವು ಮರೆಯದ ಹಾಗೆ, ಮಲ್ಲನ್‌ಗೆ ಸಾಧ್ಯವಾಗಿದೆ. ಇಬ್ಬರ ಅಭಿನಯಕ್ಕೂ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶೇಷ ಪ್ರಶಸ್ತಿ ಸಿಕ್ಕಿತು.

ಪ್ರಾಣಿಹಿಂಸೆ ನೋಡಲಾಗದವರಾದರೆ ‘ಟೈರನೋಸಾರ್’ ಬೇಡ. ಅದರ ಬದಲು ಮಲ್ಲನ್ ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಸಿನಿಮಾ ‘ಆರ್ಫನ್ಸ್’ ಹುಡುಕಿ ನೋಡಿ. ತಾಯಿಯ ಅಂತ್ಯಕ್ರಿಯೆಯ ಹಿಂದಿನ ರಾತ್ರಿ ಗ್ಲಾಸ್ಗೊದಲ್ಲಿ ಚೆದುರಿಹೋಗುವ ನಾಲ್ವರು ಮಕ್ಕಳ ಕಥೆ ಅದು. ನಗು, ಅಳು ಎರಡೂ ಒಟ್ಟಿಗೇ ಬರುತ್ತದೆ.